ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ?

ಕೀಲು ನೋವು ಎಂದು ಹೋದವರನ್ನು ಡಾಕ್ಟರು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ: ಬೆಳಗ್ಗೆ ಎದ್ದಾಗ ಕೀಲು ಹಿಡಿದುಕೊಂಡಿರುತ್ತದಾ? ಎಷ್ಟು ಹೊತ್ತಿಗೆ ಬಿಡುತ್ತದೆ? ಹತ್ತು ನಿಮಿಷ ಓಡಾಡಿದರೆ ಸಡಿಲವಾಗುತ್ತದೆಯೋ, ತಿಂಡಿ ಮುಗಿಸಿದರೂ ಬೆರಳು ಮಡಚಲು ಆಗುವುದಿಲ್ಲವೋ ಎಂಬುದರಲ್ಲಿ ಕಾಯಿಲೆಯ ಅರ್ಧ ಗುಟ್ಟು ಇರುತ್ತದೆ.

ಸಂಧಿವಾತ ಎಂದು ನಾವು ಒಂದೇ ಹೆಸರಲ್ಲಿ ಕರೆಯುವುದರೊಳಗೆ ನೂರಕ್ಕೂ ಹೆಚ್ಚು ಬಗೆಗಳಿವೆ. ಒಬ್ಬರಿಗೆ ಹಿಡಿಸಿದ ಮಾತ್ರೆಯನ್ನು ಇನ್ನೊಬ್ಬರು ಕೇಳಿ ನುಂಗುವುದು ಅದಕ್ಕೇ ಸರಿಯಲ್ಲ.

ಎಲ್ಲಕ್ಕಿಂತ ಜಾಸ್ತಿ ಕಾಣುವುದು ಆಸ್ಟಿಯೋ ಆರ್ಥ್ರೈಟಿಸ್. ಜನ ಇದನ್ನು ಮೂಳೆ ಸವೆತ ಎನ್ನುತ್ತಾರೆ. ಮೊದಲು ಹಾಳಾಗುವುದು ಮೂಳೆಯ ತುದಿಗೆ ಹೊದಿಸಿದ ನುಣುಪಾದ ಕಾರ್ಟಿಲೇಜ್. ಅದಕ್ಕೆ ರಕ್ತನಾಳಗಳಿಲ್ಲ, ಹಾಗಾಗಿ ಒಮ್ಮೆ ಕೆಟ್ಟರೆ ಸುಲಭಕ್ಕೆ ರಿಪೇರಿ ಆಗುವುದಿಲ್ಲ. ಓಡಾಡಿದಾಗ ನೋವು, ಕೂತರೆ ಆರಾಮ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆ ದಾಟುವುದಿಲ್ಲ. ನೋವಿದೆ ಅಂತ ಸುಮ್ನೆ ಕೂತುಬಿಟ್ಟರೆ ತೊಡೆಯ ಸ್ನಾಯು ಸೊರಗಿ, ಮಂಡಿಯ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ. ತೊಡೆ ಗಟ್ಟಿಮಾಡುವ ವ್ಯಾಯಾಮವೇ ಇಲ್ಲಿ ದೊಡ್ಡ ಮದ್ದು. ಭಾರ ಜಾಸ್ತಿ ಇರುವವರು 1 ಕೆ.ಜಿ. ತೂಕ ಇಳಿಸಿದರೆ, ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು 4 ಕೆ.ಜಿ. ಇಳಿಯುತ್ತದೆ.

ರುಮಟಾಯ್ಡ್ ಆರ್ಥ್ರೈಟಿಸ್‌ನ ದಾರಿ ಪೂರ್ತಿ ಬೇರೆ. ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಪದರ ಊದಿ ದಪ್ಪವಾಗಿ, ಕಾರ್ಟಿಲೇಜನ್ನೂ ಮೂಳೆಯನ್ನೂ ಕೊರೆಯುತ್ತದೆ. ಇದಕ್ಕೆ ವಯಸ್ಸೇ ಆಗಬೇಕೆಂದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡುವುದಿಲ್ಲ, ಜೊತೆಗೆ ಕಾರಣವಿಲ್ಲದ ಸುಸ್ತು.

ನಿಮ್ಮ ಕೈಯನ್ನೇ ಒಮ್ಮೆ ನೋಡಿಕೊಳ್ಳಿ. ಬೆರಳಿನ ಬುಡದ ಗೆಣ್ಣು ಮತ್ತು ನಡುವಿನ ಗೆಣ್ಣು ಎರಡೂ ಕೈಯಲ್ಲಿ ಊದಿ, ಒತ್ತಿದರೆ ಮೆತ್ತಗಿದ್ದರೆ ರುಮಟಾಯ್ಡ್ ಸಂಶಯ ಬರುತ್ತದೆ. ಉಗುರಿನ ಹತ್ತಿರದ ಗೆಣ್ಣಿನಲ್ಲಿ ಗಟ್ಟಿ ಗಂಟು ಎದ್ದಿದ್ದರೆ ಅದು ಹೆಚ್ಚಾಗಿ ಸವೆತದ್ದು. ರಕ್ತಪರೀಕ್ಷೆ ಒಂದನ್ನೇ ನಂಬಿ ಕೂರುವಂತಿಲ್ಲ. ಈ ಕಾಯಿಲೆಗೆ ರಕ್ತದಲ್ಲಿ ಹುಡುಕುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಆರೋಗ್ಯವಂತರಲ್ಲೂ ಪಾಸಿಟಿವ್ ಬರಬಹುದು, ಕಾಯಿಲೆ ಇದ್ದವರಲ್ಲೂ ನೆಗೆಟಿವ್ ಬರಬಹುದು.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾಕ್ಟರ್ ಫಿಲಿಪ್ ಹೆಂಚ್, ರುಮಟಾಯ್ಡ್‌ನಿಂದ ನರಳುತ್ತಿದ್ದ ಯುವತಿಯೊಬ್ಬಳಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಓಡಾಡಿದಳು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆದರೆ ಸ್ಟೀರಾಯ್ಡ್ ಹೆಚ್ಚು ಕಾಲ ನುಂಗಿದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ, ಸೋಂಕು ಬೇಗ ತಗಲುತ್ತದೆ. ಯಾವ ಮಾತ್ರೆ ಅಂತ ಕೇಳದೆ ನುಂಗಿ, ‘ಎರಡೇ ದಿನಕ್ಕೆ ನೋವು ಹೋಯ್ತು’ ಎನ್ನುವವರನ್ನು ಕಂಡರೆ ನನಗೆ ಭಯವಾಗುವುದು ಇದಕ್ಕೇ. ನೋವು ಹೋದರೂ ಮೂಳೆ ಒಳಗೊಳಗೇ ಸವೆಯುತ್ತಿರಬಹುದು. ರುಮಟಾಯ್ಡ್‌ಗೆ ಇವತ್ತು ಮೊದಲು ಕೊಡುವ ಔಷಧಿ ಸಾಮಾನ್ಯವಾಗಿ ಮೆಥೊಟ್ರೆಕ್ಸೇಟ್. ಅದು ವಾರಕ್ಕೆ ಒಂದೇ ದಿನ ತಗೊಳ್ಳುವಂಥದ್ದು. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ.

ಗೌಟ್ ಎಂಬ ಇನ್ನೊಂದು ಬಗೆ ಹೀಗೆ ಮೆಲ್ಲಗೆ ಬರುವುದಿಲ್ಲ. ನಡುರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತದೆ. ರಕ್ತದಲ್ಲಿ ಯೂರಿಕ್ ಆಸಿಡ್ ಎಂಬ ತ್ಯಾಜ್ಯ ಪ್ರತಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಸೂಜಿಯಂಥ ಹರಳು ಕಟ್ಟಬಹುದು. ದೇಹದ ತಣ್ಣಗಿನ ತುದಿಯಲ್ಲಿ ಇನ್ನೂ ಸುಲಭ. ಊಟದ್ದೇ ತಪ್ಪು ಅಂತ ರೋಗಿಯನ್ನು ಬೈಯುವವರೇ ಜಾಸ್ತಿ. ಅದು ಅನ್ಯಾಯ. ಹೆಚ್ಚಿನವರಲ್ಲಿ ಕಿಡ್ನಿ ಯೂರಿಕ್ ಆಸಿಡನ್ನು ಸಾಕಷ್ಟು ಹೊರಹಾಕುವುದಿಲ್ಲ, ಅದರಲ್ಲಿ ವಂಶದ ಪಾಲೂ ಇದೆ. ಇನ್ನೊಂದು ವಿಷಯ: ನೋವು ಜೋರಾಗಿದ್ದ ದಿನವೇ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಸರಿಯಾಗಿಯೇ ಕಾಣಬಹುದು.

ಹರೆಯದವರ ಸೊಂಟ ನೋವು ಮಲಗಿದರೆ ಹೆಚ್ಚಾಗಿ, ಓಡಾಡಿದರೆ ಕಡಿಮೆ ಆಗುತ್ತಿದ್ದರೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಸಂಧಿವಾತ, ಇರಬಹುದು. ಮಕ್ಕಳಿಗೂ ಸಂಧಿವಾತ ಬರುತ್ತದೆ. ಬೆಳಗ್ಗೆ ಕುಂಟುವ ಮಗು ಮಧ್ಯಾಹ್ನ ಓಡಾಡಿದರೆ ನಾಟಕ ಎಂದುಕೊಳ್ಳಬೇಡಿ, ತೋರಿಸಿ.

ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಮಾತ್ರ ನಾಳೆವರೆಗೆ ಕಾಯುವಂತಿಲ್ಲ. ಕೀಲಿನೊಳಗೆ ಬ್ಯಾಕ್ಟೀರಿಯಾ ಸೇರಿದ್ದರೆ ಕಾರ್ಟಿಲೇಜ್ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಿ, ಸೂಜಿಯಿಂದ ಕೀಲಿನ ನೀರು ತೆಗೆಸಿ ಪರೀಕ್ಷೆ ಮಾಡಿಸಬೇಕು.