ಸ್ಪೆಕ್ಟ್ರಂ ಹಂಚೋದು ಟ್ರಾಯ್ ಅಲ್ಲ: ಯಾರ ಕೈಲಿ ಏನಿದೆ?

ಟ್ರಾಯ್ (ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಅಂದರೆ ಮೊಬೈಲ್, ಟಿವಿ, ಸ್ಪೆಕ್ಟ್ರಂ (ಮೊಬೈಲ್ ಸಂಕೇತಗಳನ್ನು ಹೊರುವ ರೇಡಿಯೊ ಅಲೆಗಳು) ಎಲ್ಲದಕ್ಕೂ ಅದೇ ಯಜಮಾನ ಅಂತ ಪರೀಕ್ಷೆಯಲ್ಲಿ ತುಂಬಾ ಜನ ಬರೆದುಬಿಡುತ್ತಾರೆ. ಅಲ್ಲೇ ಅಂಕ ಹೋಗುತ್ತದೆ. ಭಾರತದಲ್ಲಿ ಈ ಅಧಿಕಾರ ಹಲವರ ಕೈಲಿದೆ.

ಟ್ರಾಯ್ ಶುರುವಾಗಿದ್ದು 1997ರಲ್ಲಿ. ಕರೆ ದರ, ಸೇವೆಯ ಗುಣಮಟ್ಟ, ಒಂದು ಕಂಪನಿಯ ಕರೆ ಇನ್ನೊಂದರ ಜಾಲಕ್ಕೆ ದಾಟುವ ಷರತ್ತು, ಇವುಗಳಿಗೆ ಅದು ನಿಯಮ ಮಾಡಿದರೆ ಕಂಪನಿಗಳು ಪಾಲಿಸಲೇಬೇಕು. ಆದರೆ ನಿಯಮಕ್ಕೂ ಮಿತಿ ಇದೆ. ಕರೆ ಕಟ್ ಆದರೆ ಗ್ರಾಹಕರಿಗೆ 1 ರೂಪಾಯಿ, ದಿನಕ್ಕೆ ಹೆಚ್ಚೆಂದರೆ 3 ರೂಪಾಯಿ ಕೊಡಬೇಕು ಅಂತ 2015ರಲ್ಲಿ ಹೇಳಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಸ್ಪೆಕ್ಟ್ರಂ ಮಾತು ಬಂದರೆ ಟ್ರಾಯ್ ಕೊಡುವುದು ಶಿಫಾರಸು ಮಾತ್ರ. ಕೊನೆಯ ತೀರ್ಮಾನ ಕೇಂದ್ರ ಸರ್ಕಾರದ್ದು. ಯಾವ ತರಂಗಾಂತರ ಯಾರಿಗೆ ಅಂತ ನೋಡಿಕೊಳ್ಳುವುದು ಕೇಂದ್ರದ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಶನ್) ವಿಭಾಗ.

ಹಾಗಂತ ಶಿಫಾರಸಿಗೆ ತೂಕ ಇಲ್ಲ ಅಂದುಕೊಳ್ಳಬೇಡಿ. 700 ಮೆಗಾಹರ್ಟ್ಸ್ ಬ್ಯಾಂಡ್, ಅಂದರೆ ಆ ಆಸುಪಾಸಿನ ತರಂಗಾಂತರಗಳ ಗುಂಪು, ನೋಡಿ. ಇದರ ಅಲೆಗಳು ದೂರ ಹೋಗುತ್ತವೆ, ಗೋಡೆ ದಾಟಿ ಮನೆಯೊಳಗೂ ಬರುತ್ತವೆ. ಟವರ್ ಕಮ್ಮಿ ಸಾಕು, ಹಾಗಾಗಿ ಹಳ್ಳಿಗಳಿಗೆ ಬಹಳ ಅನುಕೂಲ. 2016ರ ಹರಾಜಿನಲ್ಲಿ ಟ್ರಾಯ್ ಶಿಫಾರಸಿನಂತೆ ಇದರ ಮೂಲ ಬೆಲೆ ದೇಶಕ್ಕೆಲ್ಲ ಸೇರಿ ಪ್ರತಿ ಮೆಗಾಹರ್ಟ್ಸ್‌ಗೆ 11,485 ಕೋಟಿ ರೂಪಾಯಿ. ಒಬ್ಬರೂ ಕೊಳ್ಳಲಿಲ್ಲ. 2021ರಲ್ಲಿ 6,568 ಕೋಟಿಗೆ ಇಳಿಸಿದರು, ಆಗಲೂ ಯಾರೂ ಮುಂದೆ ಬರಲಿಲ್ಲ. 2022ರಲ್ಲಿ 3,927 ಕೋಟಿ ಆದಾಗ ಜಿಯೊ ಕೊಂಡುಕೊಂಡಿತು. ಅಷ್ಟು ವರ್ಷ ಹರಾಜಿಗಿಟ್ಟ ಅಲೆಗಳು ಸುಮ್ನೆ ಬಿದ್ದಿದ್ದವು. ನನ್ನ ಮಟ್ಟಿಗೆ ಇದು ದೊಡ್ಡ ನಷ್ಟ. ಅಲೆಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಅಲ್ವಾ? ಬಳಸದೆ ಬಿಟ್ಟರೆ ಅದರಿಂದ ಜನರಿಗೇನೂ ಸಿಗುವುದಿಲ್ಲ.

ಶಿಫಾರಸು ತಯಾರಾಗುವ ಬಗೆಯೂ ಗೊತ್ತಿರಲಿ. ಟ್ರಾಯ್ ಮೊದಲು ಪ್ರಶ್ನೆಗಳಿರುವ ಸಮಾಲೋಚನಾ ಪತ್ರ ಹೊರಡಿಸುತ್ತದೆ. ಕಂಪನಿಗಳಷ್ಟೇ ಅಲ್ಲ, ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ಆಮೇಲೆ ಬಹಿರಂಗ ಚರ್ಚೆ, ನಂತರ ಶಿಫಾರಸು. ಸರ್ಕಾರಕ್ಕೆ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನೆಗೆ ವಾಪಸ್ ಕಳಿಸುತ್ತದೆ.

ಜಗಳ ಬಿಡಿಸೋದು ಟ್ರಾಯ್ ಕೆಲಸವಲ್ಲ. ಅದಕ್ಕೆ 2000ದ ತಿದ್ದುಪಡಿಯಿಂದ ಟಿಡಿಸ್ಯಾಟ್ ಎಂಬ ನ್ಯಾಯಮಂಡಳಿ ಬಂತು.

ಪ್ರಸಾರ ಕ್ಷೇತ್ರ ಟ್ರಾಯ್ ವ್ಯಾಪ್ತಿಗೆ ಬಂದಿದ್ದು 2004ರಲ್ಲಿ. ಚಾನೆಲ್ ಬೆಲೆ, ಕೇಬಲ್ ಮತ್ತು ಡಿಟಿಎಚ್ ಕಂಪನಿಗಳ ಜೊತೆ ಚಾನೆಲ್‌ಗಳ ಒಪ್ಪಂದದ ನಿಯಮ ಇಲ್ಲಿಗೆ ಬರುತ್ತವೆ. ತೆರೆಯ ಮೇಲೆ ಏನು ತೋರಿಸಿದರು ಅನ್ನೋದು ಬರುವುದಿಲ್ಲ. ಅದು 1995ರ ಕೇಬಲ್ ಟಿವಿ ಕಾಯ್ದೆಯಡಿ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ ಸೇರಿದ್ದು. ಆದ್ದರಿಂದ ಚಾನೆಲ್ ಪ್ಯಾಕ್ ಜಾಸ್ತಿ ದುಬಾರಿಯಾಯ್ತು ಅನ್ನೋದು ಟ್ರಾಯ್ ನಿಯಮಕ್ಕೆ ಸಂಬಂಧಿಸಿದ ಮಾತು, ಕಾರ್ಯಕ್ರಮ ಸರಿಯಿಲ್ಲ ಅನ್ನೋದು ಸಚಿವಾಲಯಕ್ಕೆ ಸಂಬಂಧಿಸಿದ್ದು.