ನೋಡಲ್ ಮ್ಯಾಪಿಂಗ್: ಥೈರಾಯ್ಡ್ ಆಪರೇಷನ್‌ಗೆ ಮುಂಚೆ ಇನ್ನೊಂದು ಸ್ಕ್ಯಾನ್ ಯಾಕೆ?

ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಮನೆ ಹತ್ತಿರದ ಸೆಂಟರ್‌ನಲ್ಲಿ ಕುತ್ತಿಗೆ ಸ್ಕ್ಯಾನಿಂಗ್ ಆಗಿರುತ್ತದೆ. ಸೂಜಿ ಚುಚ್ಚಿ ಮಾಡುವ ಎಫ್‌ಎನ್‌ಎಸಿ ರಿಪೋರ್ಟಿನಲ್ಲಿ 'ಪ್ಯಾಪಿಲರಿ ಕಾರ್ಸಿನೋಮ, ಬೆಥೆಸ್ಡಾ 6' ಎಂದು ಬಂದಿರುತ್ತದೆ. ಬೆಥೆಸ್ಡಾ ಅನ್ನುವುದು ಸೂಜಿ ಪರೀಕ್ಷೆಯ ದರ್ಜೆ. 6 ಅಂದರೆ ಥೈರಾಯ್ಡ್ ಕ್ಯಾನ್ಸರ್ ಬಹುತೇಕ ಖಚಿತ. ಫೈಲ್ ಹಿಡಿದು ಹೊಸೂರು ರಸ್ತೆಯ ಕಿದ್ವಾಯಿಗೋ ಇನ್ಯಾವುದೋ ಆಸ್ಪತ್ರೆಗೋ ಹೋದರೆ, ಸರ್ಜನ್ ಮತ್ತೊಂದು ಅಲ್ಟ್ರಾಸೌಂಡ್ ಬರೆದುಕೊಡಬಹುದು. "ಹೋದ ತಿಂಗಳಷ್ಟೇ ಮಾಡ್ಸಿದ್ವಲ್ಲ ಡಾಕ್ಟ್ರೇ, ಮತ್ತೆ ಯಾಕೆ?" ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಚೀಟಿಯಲ್ಲಿ 'ನೆಕ್ ಅಲ್ಟ್ರಾಸೌಂಡ್, ನೋಡಲ್ ಮ್ಯಾಪಿಂಗ್' ಎಂದಿರುತ್ತದೆ.

ಮೊದಲ ಸ್ಕ್ಯಾನ್ ಹುಡುಕಿದ್ದು ಥೈರಾಯ್ಡ್‌ನಲ್ಲಿರುವ ಗಂಟು ಎಂಥದ್ದು ಅನ್ನುವುದನ್ನು. ಅದಕ್ಕೆ ಟೈ-ರಾಡ್ಸ್ ಎಂಬ ಅಂಕ ಕೊಡುವ ಪದ್ಧತಿ ಇದೆ. ಅಮೆರಿಕದ ರೇಡಿಯಾಲಜಿ ಕಾಲೇಜು 2017ರಲ್ಲಿ ಪ್ರಕಟಿಸಿದ ಟೈ-ರಾಡ್ಸ್‌ನಲ್ಲಿ ಐದು ವಿಷಯ ನೋಡುತ್ತಾರೆ. ಗಂಟು ಗಟ್ಟಿಯೋ ನೀರು ತುಂಬಿದ್ದೋ, ಎಷ್ಟು ಕಪ್ಪಾಗಿ ಕಾಣುತ್ತದೆ, ಅಗಲಕ್ಕಿಂತ ಎತ್ತರ ಜಾಸ್ತಿಯೋ, ಅಂಚು ಹೇಗಿದೆ, ಒಳಗೆ ಸಣ್ಣ ಬಿಳಿ ಚುಕ್ಕೆಗಳಿವೆಯೋ. ಅಂಕ ಕೂಡಿಸಿ ಟಿಆರ್ 1ರಿಂದ ಟಿಆರ್ 5ರವರೆಗೆ ದರ್ಜೆ. ಅನುಮಾನ ಅತಿ ಹೆಚ್ಚಿರುವ ಟಿಆರ್ 5 ಆಗಿ 1 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಸೂಜಿ ಪರೀಕ್ಷೆ. ಅಲ್ಲಿಗೆ ಆ ಸ್ಕ್ಯಾನ್‌ನ ಕೆಲಸ ಮುಗಿಯಿತು.

ಸರ್ಜನ್‌ಗೆ ಬೇಕಾದದ್ದು ಬೇರೆ. ಎಷ್ಟು ಕತ್ತರಿಸಬೇಕು? ಎಲ್ಲೆಲ್ಲಿ? ಪ್ಯಾಪಿಲರಿ ಕ್ಯಾನ್ಸರ್ ಕುತ್ತಿಗೆಯ ಲಿಂಫ್ ಗ್ರಂಥಿಗಳಿಗೆ, ಅಂದರೆ ನೋಡ್‌ಗಳಿಗೆ, ಹಬ್ಬುವುದು ಮಾಮೂಲು. ಕೈಯಿಂದ ಮುಟ್ಟಿ ನೋಡಿದರೆ ಸಣ್ಣವು ಸಿಗುವುದಿಲ್ಲ. ಹಾಗಾಗಿ ಎರಡೂ ಬದಿಯನ್ನು ದವಡೆ ಕೆಳಗಿನಿಂದ ಕೊರಳೆಲುಬಿನವರೆಗೆ ಹುಡುಕುತ್ತಾರೆ. ಜಯನಗರಕ್ಕೆ ಬ್ಲಾಕ್ ನಂಬರ್ ಇದ್ದ ಹಾಗೆ ಕುತ್ತಿಗೆಗೂ ನಂಬರ್ ಇದೆ. ಗದ್ದದ ಕೆಳಗೆ 1. ಕತ್ತಿನ ದೊಡ್ಡ ರಕ್ತನಾಳದ ಉದ್ದಕ್ಕೆ ಮೇಲಿನಿಂದ 2, 3, 4. ಪಕ್ಕಕ್ಕೆ, ಹಿಂಭಾಗದಲ್ಲಿ 5. ನಡುವೆ, ಶ್ವಾಸನಾಳದ ಸುತ್ತ 6. ಅನುಮಾನದ ನೋಡ್ ಯಾವ ಬದಿ, ಯಾವ ನಂಬರಿನಲ್ಲಿದೆ ಎಂದು ಗುರುತಿಸುವುದೇ ಮ್ಯಾಪಿಂಗ್.

ನೋಡ್ ಕಂಡಿತು ಅಂದ ತಕ್ಷಣ ಗಾಬರಿ ಬೇಡ. ಗಂಟಲು ನೋವು ಬಂದರೂ, ಹಲ್ಲು ಕೆಟ್ಟರೂ ಅವು ಊದುತ್ತವೆ. ಒಳ್ಳೆಯ ನೋಡ್ ಉದ್ದುದ್ದ ಇರುತ್ತದೆ, ನಡುವೆ ಕೊಬ್ಬಿನ ಬಿಳಿ ಗೆರೆ ಕಾಣುತ್ತದೆ. ಗುಂಡಗಾಗಿ, ಆ ಗೆರೆ ಮಾಯವಾಗಿ, ಒಳಗೆ ಚುಕ್ಕೆಯೋ ನೀರೋ ಇದ್ದರೆ ಅನುಮಾನ. ಆಗ ಆ ನೋಡ್‌ಗೂ ಸೂಜಿ ಹಾಕಬಹುದು. ಬಳಸಿದ ಸೂಜಿಯನ್ನು ಸಲೈನ್‌ನಲ್ಲಿ ತೊಳೆದು, ಆ ನೀರಿನಲ್ಲಿ ಥೈರೋಗ್ಲೋಬ್ಯುಲಿನ್ ಎಷ್ಟಿದೆ ಎಂದೂ ಅಳೆಯುತ್ತಾರೆ. ಥೈರಾಯ್ಡ್ ಜೀವಕೋಶ ತಯಾರಿಸುವ ಪ್ರೋಟೀನ್ ನೋಡ್‌ನಲ್ಲಿ ರಾಶಿ ಸಿಕ್ಕಿದರೆ ಕ್ಯಾನ್ಸರ್ ಅಲ್ಲಿಗೂ ಬಂದಿದೆ ಎಂದೇ ಅರ್ಥ. ಎಂಥ ಜಾಣ ಉಪಾಯ ಅಲ್ವಾ!

ಇದರಿಂದ ಆಪರೇಷನ್ನೇ ಬದಲಾಗಬಹುದು. ಅಮೆರಿಕದ ಥೈರಾಯ್ಡ್ ಅಸೋಸಿಯೇಷನ್‌ನ 2015ರ ಮಾರ್ಗಸೂಚಿಯ ಪ್ರಕಾರ, ಆಪರೇಷನ್‌ಗೆ ಮುಂಚಿನ ಅಲ್ಟ್ರಾಸೌಂಡ್‌ನಲ್ಲಿ 20ರಿಂದ 31 ಶೇಕಡಾ ಜನರಿಗೆ ಅನುಮಾನದ ನೋಡ್ ಕಾಣುತ್ತದೆ. ಗಂಟು 4 ಸೆಂಟಿಮೀಟರ್ ಒಳಗಿದ್ದು, ಆಚೆ ಹಬ್ಬದೆ, ನೋಡ್ ಎಲ್ಲ ಸರಿಯಿದ್ದರೆ ಅರ್ಧ ಥೈರಾಯ್ಡ್ ತೆಗೆದರೂ ಸಾಕಾಗಬಹುದು. ಪಕ್ಕದ ನೋಡ್‌ಗೆ ಹೋಗಿದ್ದರೆ ಪೂರ್ತಿ ಥೈರಾಯ್ಡ್ ಜೊತೆ ಆ ಬದಿಯ ನೋಡ್‌ಗಳೂ ಹೋಗಬೇಕು, ಆಮೇಲೆ ಜೀವನಪೂರ್ತಿ ಥೈರಾಯ್ಡ್ ಹಾರ್ಮೋನಿನ ಮಾತ್ರೆ. ಇಷ್ಟು ದೊಡ್ಡ ತೀರ್ಮಾನಕ್ಕೆ 'ನೋಡ್ಸ್ ನಾರ್ಮಲ್' ಎಂಬ ಒಂದೇ ಸಾಲಿನ ರಿಪೋರ್ಟ್ ಸಾಲದು. ನನ್ನ ಪ್ರಕಾರ ಎರಡನೇ ಸ್ಕ್ಯಾನಿಗೆ ಕೊಡುವ ದುಡ್ಡು ದಂಡವಲ್ಲ. ಥೈರಾಯ್ಡ್ ಕ್ಯಾನ್ಸರ್ ಕೇಸುಗಳನ್ನು ಜಾಸ್ತಿ ನೋಡಿದವರ ಹತ್ತಿರವೇ ಮಾಡಿಸಿದರೆ ಒಳ್ಳೆಯದು. ಅಲ್ಟ್ರಾಸೌಂಡ್‌ನಲ್ಲಿ ಮಿಷನ್‌ಗಿಂತ ಕೈ ಮುಖ್ಯ.

ಹೊಟ್ಟೆ ಖಾಲಿ ಇರಬೇಕಿಲ್ಲ, ರೇಡಿಯೇಷನ್ ಇಲ್ಲ. ಸ್ವಲ್ಪ ಜೆಲ್, ಕತ್ತು ಹಿಂದಕ್ಕೆ ಬಾಗಿಸಿ ಮಲಗಬೇಕು, ಅಷ್ಟೇ. ಹಳೆಯ ರಿಪೋರ್ಟ್, ಫಿಲ್ಮ್ ಎಲ್ಲ ಜೊತೆಗಿರಲಿ.

ಇದಕ್ಕೂ ಮಿತಿ ಇದೆ. ಗಾಳಿಯನ್ನೂ ಮೂಳೆಯನ್ನೂ ದಾಟಿ ಅಲ್ಟ್ರಾಸೌಂಡ್ ನೋಡಲಾರದು. ಶ್ವಾಸನಾಳದ ಹಿಂದೆ, ಎದೆಮೂಳೆಯ ಕೆಳಗೆ ಇರುವುದು ತಪ್ಪಿಹೋಗಬಹುದು. 6ನೇ ಭಾಗದ ನೋಡ್‌ಗಳಿಗೆ ಥೈರಾಯ್ಡೇ ಅಡ್ಡ. ಕ್ಯಾನ್ಸರ್ ಜೋರಾಗಿ ಹಬ್ಬಿದ ಅನುಮಾನವಿದ್ದರೆ ಕಾಂಟ್ರಾಸ್ಟ್ ಎಂಬ ಔಷಧಿ ಹಾಕಿ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಆ ಔಷಧಿಯಲ್ಲಿ ಅಯೋಡಿನ್ ಇರುತ್ತದೆ. ಅದು ಮೈಯಿಂದ ಪೂರ್ತಿ ಹೋಗಲು ಒಂದೆರಡು ತಿಂಗಳು ಬೇಕು. ಅಲ್ಲಿಯವರೆಗೆ, ಉಳಿದ ಥೈರಾಯ್ಡ್ ಜೀವಕೋಶಗಳನ್ನು ಸುಡಲು ಕೊಡುವ ರೇಡಿಯೋ ಅಯೋಡಿನ್‌ಗೆ ಅದು ಅಡ್ಡಿಯಾಗಬಹುದು. ಮುಂದೆ ಆ ಚಿಕಿತ್ಸೆ ಇದ್ದರೆ ಸಿಟಿ ಆದ ತಾರೀಖನ್ನು ಅದನ್ನು ಕೊಡುವ ಡಾಕ್ಟರಿಗೆ ಹೇಳಿ.