ಝಹ್ಲೆಯ ಹೊಳೆದಂಡೆಯಲ್ಲಿ ಬೆಳೆದ ಮೆಝೆ ಊಟ

2010ರ ಮೇ ತಿಂಗಳಲ್ಲಿ ಬೈರುತ್ ಬಳಿ ಬಾಣಸಿಗರ ದೊಡ್ಡ ಪಡೆಯೊಂದು ಸೇರಿ ಕಡಲೆ ಅರೆದು ಮಾಡುವ ಹಮ್ಮಸ್ ಎಂಬ ತಿನಿಸನ್ನು ಒಂದೇ ತಟ್ಟೆಯಲ್ಲಿ 10,452 ಕಿಲೊ ಮಾಡಿಟ್ಟಿತು. ಆ ಅಂಕಿಯನ್ನು ಬೇಕೆಂದೇ ಆರಿಸಿಕೊಂಡಿದ್ದರು, ಲೆಬನಾನಿನ ವಿಸ್ತೀರ್ಣ 10,452 ಚದರ ಕಿಲೊಮೀಟರ್. ಅದಕ್ಕೆ ನಾಲ್ಕು ತಿಂಗಳ ಮುಂಚೆ ಇಸ್ರೇಲಿನಲ್ಲಿ ಜೆರುಸಲೇಮ್ ಹತ್ತಿರದ ಅಬು ಘೋಷ್ ಊರಿನವರು ಉಪಗ್ರಹ ಸಂಪರ್ಕದ ದೊಡ್ಡ ಡಿಶ್ ತಂದು, ಅದನ್ನೇ ತಟ್ಟೆ ಮಾಡಿಕೊಂಡು ನಾಲ್ಕು ಟನ್ ಹಮ್ಮಸ್‌ನ ದಾಖಲೆ ಬರೆದಿದ್ದರು. ಹಮ್ಮಸ್ ಯಾರದೆಂಬ ಈ ಜಗಳ ಶುರುವಾದದ್ದು 2008ರಲ್ಲಿ. ಫೆಟಾ ಚೀಸಿನ ಹೆಸರನ್ನು ಗ್ರೀಸ್ ಯುರೋಪಿನಲ್ಲಿ ತನಗೇ ಉಳಿಸಿಕೊಂಡ ಹಾಗೆ ಹಮ್ಮಸ್ ಹೆಸರೂ ತಮಗೇ ಸಿಗಬೇಕೆಂದು ಲೆಬನಾನಿನ ಕೈಗಾರಿಕೋದ್ಯಮಿಗಳ ಸಂಘ ಪಟ್ಟು ಹಿಡಿಯಿತು. ಆ ಹಕ್ಕು ಸಿಗಲಿಲ್ಲ. ಸಿಗುವುದು ಕಷ್ಟವೂ ಆಗಿತ್ತು. ನುಣ್ಣಗೆ ಅರೆದ ಕಡಲೆಗೆ ಹುಳಿ, ಎಣ್ಣೆ, ಸೊಪ್ಪು ಸೇರಿಸುವ ಪಾಕಗಳು ಮಧ್ಯಯುಗದ ಕೈರೋದ ಅಡುಗೆ ಬರಹಗಳಲ್ಲೇ ಇವೆ, ಡಮಾಸ್ಕಸ್‌ನಲ್ಲಿ, ಪ್ಯಾಲೆಸ್ತೀನಿನಲ್ಲಿ ಮನೆಮನೆಯ ತಿನಿಸೂ ಅದೇ.

ಲೆಬನಾನ್ ತನ್ನದೆಂದು ಧೈರ್ಯವಾಗಿ ಹೇಳಿಕೊಳ್ಳಬಹುದಾದದ್ದು ಬೇರೆಯೇ ಇದೆ: ಆ ತಿನಿಸುಗಳನ್ನು ಸಣ್ಣ ತಟ್ಟೆಗಳಲ್ಲಿ, ಒಂದು ಸರದಿಯಲ್ಲಿ, ಗಂಟೆಗಟ್ಟಲೆ ಕೂತು ಹಂಚಿಕೊಂಡು ತಿನ್ನುವ ಮೆಝೆ. ತಿನಿಸುಗಳು ಹಳೆಯವು, ಮೇಜಿನ ಈ ಜೋಡಣೆ ಅಷ್ಟು ಹಳೆಯದಲ್ಲ. ಪಾನೀಯದ ಜೊತೆ ಚೂರುಪಾರು ತಿನ್ನುವ ರೂಢಿ ಒಟ್ಟೊಮನ್ ಕಾಲದ ಪಾನಗೃಹಗಳಲ್ಲಿ ಇತ್ತು. ಅದನ್ನೇ ಹಿಗ್ಗಿಸಿ ಒಂದು ಇಡೀ ಊಟವಾಗಿಸಿದ್ದು ಲೆಬನಾನಿನ ಬೆಟ್ಟದ ಉಗ್ರಾಣ ಮತ್ತು ಬೆಕಾ ಕಣಿವೆಯ ಒಂದು ಊರು.

ಮೊದಲು ಉಗ್ರಾಣದ ಮಾತು. ಲೆಬನಾನ್ ಪರ್ವತದ ಹಳ್ಳಿಗಳಲ್ಲಿ ಚಳಿಗಾಲಕ್ಕೆ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತಿತ್ತು. ಬೇಸಿಗೆ ಮುಗಿಯುವುದರೊಳಗೆ ಪ್ರತಿ ಮನೆಯೂ ‘ಮೂನೆ’ ಎಂಬ ವರ್ಷದ ದಾಸ್ತಾನು ಮಾಡಿಕೊಳ್ಳಬೇಕಿತ್ತು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಉಂಡೆ ಮಾಡಿ ಆಲಿವ್ ಎಣ್ಣೆಯಲ್ಲಿ ಮುಳುಗಿಸಿದರೆ ಲಬ್ನೆ. ಬೇಯಿಸಿ ಒಡೆದ ಗೋಧಿ, ಅಂದರೆ ಬುರ್ಗುಲ್‌ಗೆ ಮೊಸರು ಕಲಸಿ ಹುಳಿಬರಿಸಿ, ಮಾಳಿಗೆ ಮೇಲೆ ಒಣಗಿಸಿ ಪುಡಿ ಮಾಡಿದರೆ ಕಿಶ್ಕ್. ಮಕ್ದೂಸ್‌ಗೆ ಬೆರಳುದ್ದದ ಬದನೆಯನ್ನು ಬೇಯಿಸಿ, ಸೀಳಿ, ಉಪ್ಪು ತುಂಬಿ, ಮೇಲೆ ಭಾರ ಹೇರಿ ನೀರೆಲ್ಲ ಇಳಿಸಬೇಕು. ಆಮೇಲೆ ಅಕ್ರೋಟು, ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ತುಂಬಿ ಎಣ್ಣೆಗೆ ಹಾಕುತ್ತಾರೆ. ನೀರು ಸರಿಯಾಗಿ ಇಳಿಯದಿದ್ದರೆ ಜಾಡಿಯಲ್ಲಿ ನೊರೆ ಬಂದು ಹಾಳಾಗುತ್ತದೆ. ಇವತ್ತು ಮೆಝೆ ಮೇಜಿನ ಮೇಲೆ ಮೊದಲು ಬಂದು ಕೂರುವ ತಟ್ಟೆಗಳಲ್ಲಿ ಹಲವು ಈ ಜಾಡಿಗಳಿಂದಲೇ ಎದ್ದು ಬಂದವು.

ಬುರ್ಗುಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಗೋಧಿಯನ್ನು ಹಂಡೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಒಡೆಯುತ್ತಾರೆ. ಭತ್ತಕ್ಕೆ ಕುಸುಬಲಕ್ಕಿ ಹೇಗೋ ಗೋಧಿಗೆ ಬುರ್ಗುಲ್ ಹಾಗೆ. ಅಂಗಡಿಯಲ್ಲಿ ಸಿಗುವ ಗೋಧಿ ನುಚ್ಚು ಹಸಿ ಗೋಧಿಯದು, ಎಷ್ಟು ನೆನೆಸಿದರೂ ಹಲ್ಲಿಗೆ ಹಿಟ್ಟುಹಿಟ್ಟಾಗಿ ಸಿಗುತ್ತದೆ. ತಬ್ಬೂಲೆ ಎಂಬ ಸೊಪ್ಪಿನ ಸಲಾಡ್‌ಗೆ ಅದನ್ನು ಹಾಕುವಂತಿಲ್ಲ.

ಸಸ್ಯಾಹಾರಿಗಳಿಗೆ ಈ ಮೇಜು ಇಷ್ಟು ಧಾರಾಳವಾಗಿರುವುದಕ್ಕೂ ಚರಿತ್ರೆಯ ಕಾರಣವಿದೆ. ಮರೋನೈಟ್, ಗ್ರೀಕ್ ಆರ್ಥೊಡಾಕ್ಸ್, ಮೆಲ್ಕೈಟ್ ಕ್ರೈಸ್ತರು ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಮಾಂಸ ಬಿಡುತ್ತಿದ್ದರು, ಕಟ್ಟುನಿಟ್ಟಿನವರು ಹಾಲು, ಬೆಣ್ಣೆಯನ್ನೂ ಮುಟ್ಟುತ್ತಿರಲಿಲ್ಲ. ಆ ದಿನಗಳಿಗಾಗಿ ಆಲಿವ್ ಎಣ್ಣೆಯ ಅಡುಗೆಯ ಒಂದು ಸಾಲೇ ಬೆಳೆಯಿತು: ಅಕ್ಕಿ, ಟೊಮೆಟೊ, ಕೊತ್ತಂಬರಿಯಂಥ ಪಾರ್ಸ್ಲಿ ಸೊಪ್ಪು ತುಂಬಿದ ದ್ರಾಕ್ಷಿ ಎಲೆಯ ಸುರುಳಿ, ಬುರ್ಗುಲ್‌ಗೆ ಸಿಹಿಗುಂಬಳ ಕಲಸಿದ ಕಿಬ್ಬೆ (ಸಾಮಾನ್ಯವಾಗಿ ಇದನ್ನು ಮಾಂಸ ಹಾಕಿ ಮಾಡುತ್ತಾರೆ), ಬೇಳೆ-ಅಕ್ಕಿಯ ಮೇಲೆ ಕಂದು ಬಣ್ಣಕ್ಕೆ ಹುರಿದ ಈರುಳ್ಳಿ ಸುರಿದ ಮುಜದ್ದರ. ತಣ್ಣಗೆ ಬಡಿಸುವ ದ್ರಾಕ್ಷಿ ಎಲೆ ಸಾಮಾನ್ಯವಾಗಿ ಎಣ್ಣೆಯದು, ಬಿಸಿಯಾಗಿ ಬರುವುದರಲ್ಲಿ ಮಾಂಸ ಇರುತ್ತದೆ. ಸಸ್ಯಾಹಾರಿಗಳು ಆರ್ಡರ್ ಕೊಡುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಊರು. ಬೈರುತ್‌ನಿಂದ ಸುಮಾರು 55 ಕಿಲೊಮೀಟರ್ ದೂರದಲ್ಲಿ, ಬೆಟ್ಟ ಇಳಿದು ಬೆಕಾ ಕಣಿವೆಗೆ ಕಾಲಿಡುವ ಜಾಗದಲ್ಲಿ ಝಹ್ಲೆ ಇದೆ. 19ನೇ ಶತಮಾನದಲ್ಲಿ ಅದು ಕಣಿವೆಯ ಧಾನ್ಯ ಮತ್ತು ಕುರಿಗಳ ಸಂತೆ. 1860ರ ಅಂತರ್ಯುದ್ಧದಲ್ಲಿ ಸುಟ್ಟುಹೋಗಿ ಮತ್ತೆ ಎದ್ದಿತು. 1863ರಲ್ಲಿ ಬೈರುತ್–ಡಮಾಸ್ಕಸ್ ಗಾಡಿರಸ್ತೆ, 1895ರಲ್ಲಿ ರೈಲು ಬಂದಾಗ ಎರಡೂ ಪಟ್ಟಣಗಳವರಿಗೆ ಈ ತಂಪು ಊರು ಕೈಗೆಟುಕಿತು. ಬೇಸಿಗೆಗೆ ಬಂದವರು ಬರ್ದೌನಿ ಹೊಳೆಯ ದಂಡೆಯ ಮರದ ನೆರಳಲ್ಲಿ ಕೂತು ಅರಕ್ ಎಂಬ ದ್ರಾಕ್ಷಿ ಮದ್ಯ ಕುಡಿಯುತ್ತಿದ್ದರು. ಊರ ಸುತ್ತ ದ್ರಾಕ್ಷಿ ತೋಟಗಳು, ಪಕ್ಕದ ಕ್ಸಾರಾದಲ್ಲಿ ಜೆಸುಯಿಟ್ ಪಾದ್ರಿಗಳು 1857ರಲ್ಲೇ ವೈನ್ ಮಾಡಲು ತೊಡಗಿದ್ದರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಇಲ್ಲಿನ ಕೆಫೆಗಳು ಅರಕ್ ಜೊತೆಗಿನ ತಟ್ಟೆಗಳನ್ನು ಪೈಪೋಟಿಯ ಮೇಲೆ ಹೆಚ್ಚಿಸುತ್ತ ಹೋದವು. ಒಬ್ಬರು ಹಸಿ ಬಾದಾಮಿ, ಆಲಿವ್ ಇಟ್ಟರೆ ಇನ್ನೊಬ್ಬರು ಲಬ್ನೆ, ಕಿಬ್ಬೆ ಇಟ್ಟರು. ಕೊನೆಗೆ ನಂಚಿಕೆಯೇ ಊಟವಾಯಿತು. ಝಹ್ಲೆಗೆ 2013ರಲ್ಲಿ ಯುನೆಸ್ಕೊ ಆಹಾರ ಸಂಸ್ಕೃತಿಯ ಸೃಜನಶೀಲ ನಗರವೆಂಬ ಮಾನ್ಯತೆ ಕೊಟ್ಟಿತು. ಆ ಹೊಳೆದಂಡೆಯ ಹೋಟೆಲುಗಳು ಅದಕ್ಕೆ ಪೂರ್ತಿ ಅರ್ಹವಾಗಿದ್ದವು.

ಅರಕ್ ದ್ರಾಕ್ಷಿಯಿಂದ ಭಟ್ಟಿ ಇಳಿಸಿ, ಮತ್ತೆ ಸೋಂಪಿನ ಜಾತಿಯ ಆನಿಸ್ ಬೀಜ ಸೇರಿಸಿ ಬಟ್ಟಿಯಿಳಿಸುವ ಮದ್ಯ. ಒಂದು ಪಾಲು ಅರಕ್‌ಗೆ ಎರಡು ಪಾಲು ನೀರು. ನೀರು ಬಿದ್ದೊಡನೆ ಆನಿಸ್ ಎಣ್ಣೆ ಸಣ್ಣ ಹನಿಗಳಾಗಿ ಒಡೆದು ಲೋಟ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಐಸ್ ಕೊನೆಗೇ ಬೀಳಬೇಕು, ಮೊದಲೇ ಹಾಕಿದರೆ ಆ ಎಣ್ಣೆ ಹೆಪ್ಪುಗಟ್ಟಿ ಮೇಲೆ ಪೊರೆಯಾಗಿ ನಿಲ್ಲುತ್ತದೆ. ಬಳಸಿದ ಲೋಟದಲ್ಲೂ ಈ ಪೊರೆ ಉಳಿಯುವುದರಿಂದ ಪ್ರತಿ ಸಲ ಹೊಸ ಲೋಟ ಕೊಡುವುದು ರೂಢಿ. ಕುಡಿಯದ ಮನೆಗಳಲ್ಲಿ ಮಜ್ಜಿಗೆಯಂಥ ಐರಾನ್, ನಿಂಬೆ ಶರಬತ್ತು ಇರುತ್ತವೆ, ಮೆಝೆಗೆ ಅದರಿಂದ ಏನೂ ಕೊರತೆಯಾಗದು.

ಈಗ ಸರದಿ. ಮೊದಲು ಆಲಿವ್, ಬೀಟ್‌ರೂಟ್ ಹಾಕಿ ಗುಲಾಬಿ ಬಣ್ಣ ಬರಿಸಿದ ಟರ್ನಿಪ್ ಉಪ್ಪಿನಕಾಯಿ, ಹಸಿ ಪುದೀನ, ಮೂಲಂಗಿ. ಆಮೇಲೆ ತಬ್ಬೂಲೆ ಅಥವಾ ಗರಿಗರಿ ರೊಟ್ಟಿ ತುಂಡು ಹಾಕಿದ ಸಲಾಡ್ ಫತ್ತೂಶ್, ಹಮ್ಮಸ್, ಸುಟ್ಟ ಬದನೆಗೆ ತಾಹಿನಿ (ಅರೆದ ಎಳ್ಳು) ಕಲಸಿದ ಮುತಬ್ಬಲ್, ಲಬ್ನೆ. ಇವು ಅರ್ಧ ಖಾಲಿಯಾಗುವ ಹೊತ್ತಿಗೆ ಬಿಸಿ ತಟ್ಟೆಗಳು: ಕರಿದ ಕಿಬ್ಬೆ, ಚೀಸಿನ ಸುರುಳಿ, ಕೊತ್ತಂಬರಿ-ಬೆಳ್ಳುಳ್ಳಿ ಹಾಕಿದ ಖಾರದ ಆಲೂ, ದಾಳಿಂಬೆ ರಸದ ಪಾಕದಲ್ಲಿ ಹೊರಳಿಸಿದ ಸಣ್ಣ ಸಾಸೇಜು. ಕೆಂಡದ ಮಾಂಸ ಅದರ ನಂತರ, ಹಣ್ಣು ಮತ್ತು ಕಾಫಿ ಕೊನೆಗೆ. ನಾಲ್ಕು ಜನಕ್ಕೆ ಆರು ತಣ್ಣನೆಯ, ನಾಲ್ಕು ಬಿಸಿ ತಟ್ಟೆ ಧಾರಾಳ ಸಾಕು. ಹೊರದೇಶದ ಹೋಟೆಲುಗಳಲ್ಲಿ ಎಲ್ಲವನ್ನೂ ಒಟ್ಟಿಗೆ ತಂದಿಟ್ಟುಬಿಡುತ್ತಾರೆ. ಕಿಬ್ಬೆಯ ಹೊರಕವಚ ಆರಿ ಗಟ್ಟಿಯಾಗುತ್ತದೆ, ಚೀಸಿನ ಸುರುಳಿ ಮೆತ್ತಗಾಗುತ್ತದೆ, ಹೊಟ್ಟೆ ಬ್ರೆಡ್ಡಿನಲ್ಲೇ ತುಂಬುತ್ತದೆ. ‘ಬಿಸಿಯವನ್ನು ಆಮೇಲೆ ತನ್ನಿ’ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಮ್ಮಸ್ ಮನೆಯಲ್ಲಿ ಮಾಡುವವರಿಗೆ ಅಳತೆ: ಕಾಲು ಕಿಲೊ ಕಾಬೂಲಿ ಕಡಲೆ, ಅರ್ಧ ಚಮಚ ಅಡುಗೆ ಸೋಡಾ, 150 ಗ್ರಾಂ ತಾಹಿನಿ, ಎರಡು ದೊಡ್ಡ ನಿಂಬೆಯ ರಸ, ಒಂದು ಎಸಳು ಬೆಳ್ಳುಳ್ಳಿ. ಸೋಡಾ ಹಾಕಿದ ನೀರಿನಲ್ಲಿ ಕಡಲೆಯನ್ನು 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯಂತೆ ನುರಿಯುವ ತನಕ ಬೇಯಿಸಬೇಕು. ಚಾಟ್‌ಗೆ ಬೇಯಿಸುವ ಹದ ಇಲ್ಲಿ ಸಾಲದು, ಹಮ್ಮಸ್ ತರಿತರಿಯಾಗುವುದಕ್ಕೆ ಹೆಚ್ಚಿನ ಸಲ ಅದೇ ಕಾರಣ. ಕಡಲೆಯನ್ನು ತಣ್ಣಗಾಗಿಸಿ, ಬೆಳ್ಳುಳ್ಳಿ ಮತ್ತು ಒಂದೆರಡು ಐಸ್ ತುಂಡು ಹಾಕಿ ರುಬ್ಬಿ, ಕೊನೆಗೆ ತಾಹಿನಿ, ನಿಂಬೆರಸ, ಉಪ್ಪು ಸೇರಿಸಿ. ತಾಹಿನಿಗೆ ನಿಂಬೆರಸ ಬಿದ್ದಾಗ ಅದು ಗಂಟಾಗಿ ಬಿಗಿಯುತ್ತದೆ. ಕೆಟ್ಟಿತೆಂದು ಎಣ್ಣೆ ಸುರಿಯಬೇಡಿ, ತಣ್ಣೀರನ್ನು ಚಮಚ ಚಮಚವಾಗಿ ಹಾಕಿದರೆ ಮತ್ತೆ ಸಡಿಲಾಗಿ ಬೆಳ್ಳಗಾಗುತ್ತದೆ. ತಾಹಿನಿ ಮನೆಯಲ್ಲೇ ಮಾಡುವುದಾದರೆ ಸಿಪ್ಪೆ ತೆಗೆದ ಬಿಳಿ ಎಳ್ಳೇ ಬೇಕು, ಹುರಿಯುವಾಗ ಬಣ್ಣ ತಿರುಗಬಾರದು. ಸಿಪ್ಪೆಯಿದ್ದರೂ ಕಹಿ, ಹೆಚ್ಚು ಹುರಿದರೂ ಕಹಿ.

ತಬ್ಬೂಲೆಯ ವಿಷಯದಲ್ಲಿ ಲೆಬನಾನಿನವರು ಒಂದಿಷ್ಟೂ ಸಡಿಲ ಬಿಡುವುದಿಲ್ಲ, ಅವರು ಹೇಳುವುದು ಸರಿಯೂ ಇದೆ. ಅದು ಪಾರ್ಸ್ಲಿಯ ಸಲಾಡ್. 300 ಗ್ರಾಂ ಪಾರ್ಸ್ಲಿಗೆ ಸಣ್ಣ ಬುರ್ಗುಲ್ ಮೂರು ಚಮಚ ಸಾಕು, ಜೊತೆಗೆ ಒಂದು ಹಿಡಿ ಪುದೀನ, ಮೂರು ಟೊಮೆಟೊ, ಈರುಳ್ಳಿ ಹೂವು, ನಿಂಬೆರಸ, ಆಲಿವ್ ಎಣ್ಣೆ. ಸೊಪ್ಪನ್ನು ತೊಳೆದು ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ, ಹರಿತವಾದ ಚಾಕುವಿನಿಂದ ಒಂದೇ ಸಲ ಸಣ್ಣಗೆ ಹೆಚ್ಚಬೇಕು. ಹೆಚ್ಚಿದ ರಾಶಿಯ ಮೇಲೆ ಮತ್ತೆ ಚಾಕು ಓಡಿಸಿದರೆ, ಮಿಕ್ಸಿಗೆ ಹಾಕಿದರೆ ಎಲೆ ಜಜ್ಜಿ ನೀರು ಬಿಟ್ಟು ಕಪ್ಪಾಗುತ್ತದೆ. ಬುರ್ಗುಲ್ ಅನ್ನು ನೀರಲ್ಲಿ ನೆನೆಸದೆ, ಹೆಚ್ಚಿದ ಟೊಮೆಟೊ ಮತ್ತು ನಿಂಬೆಯ ರಸದಲ್ಲೇ ಕಾಲು ಗಂಟೆ ಬಿಡಿ. ಉಪ್ಪು, ಎಣ್ಣೆ ಬಡಿಸುವ ಮುನ್ನ. ಲೆಟ್ಯೂಸ್ ಅಥವಾ ಎಳೆ ಕೋಸಿನ ಎಲೆಯಲ್ಲಿ ತುಂಬಿಕೊಂಡು ತಿನ್ನುತ್ತಾರೆ.

ಝಹ್ಲೆಯ ಮೇಜಿಗೆ ಬೈರುತ್ ಇನ್ನಷ್ಟು ಸೇರಿಸಿತು. 1915ರ ನರಮೇಧದಿಂದ ಪಾರಾಗಿ ಬಂದ ಅರ್ಮೇನಿಯನ್ನರು ಬುರ್ಜ್ ಹಮ್ಮೂದ್‌ನಲ್ಲಿ ನೆಲೆನಿಂತು ಸುಜುಕ್ ಸಾಸೇಜು, ಮೆಂತ್ಯದ ಲೇಪನದ ಬಸ್ತುರ್ಮಾ ಒಣಮಾಂಸ ತಂದರು. ಅಲೆಪ್ಪೊ ಕಡೆಯಿಂದ ಕೆಂಪು ಮೆಣಸಿನಕಾಯಿ-ಅಕ್ರೋಟಿನ ಮುಹಮ್ಮರ ಬಂತು. 1943ರಲ್ಲಿ ಸ್ವಾತಂತ್ರ್ಯ ಬಂದ ಮೇಲಿನ ಮೂರು ದಶಕ ಕೊಲ್ಲಿಯ ಶ್ರೀಮಂತರೂ ಯುರೋಪಿನ ಪ್ರವಾಸಿಗರೂ ಈ ಮೇಜಿನ ರುಚಿ ಕಂಡದ್ದು ಬೈರುತ್‌ನಲ್ಲಿ. 1975ರಲ್ಲಿ ಅಂತರ್ಯುದ್ಧ ಶುರುವಾಗಿ 1990ರವರೆಗೆ ನಡೆಯಿತು. ಅಡುಗೆಯವರು, ಹೋಟೆಲ್ ಮಾಲೀಕರು ಲಂಡನ್, ಪ್ಯಾರಿಸ್, ದುಬೈ, ಕುವೈತ್‌ಗೆ ಚದುರಿದರು. ಅರಬ್ ಊಟವೆಂದರೆ ಲೆಬನೀಸ್ ಊಟ ಎಂಬ ಭಾವನೆ ಜಗತ್ತಿನಲ್ಲಿ ಗಟ್ಟಿಯಾದದ್ದು ಮುಖ್ಯವಾಗಿ ಈ ವಲಸೆಯಿಂದ.

ಕನ್ನಡ ಕರಾವಳಿಗೆ ಇದು ಬಂದದ್ದೂ ಅದೇ ಕೊಲ್ಲಿಯ ದಾರಿಯಲ್ಲಿ. ಮಂಗಳೂರು, ಉಡುಪಿ, ಭಟ್ಕಳದಿಂದ ದುಡಿಯಲು ಹೋದವರಿಗೆ ಕುಬೂಸ್ ದಿನನಿತ್ಯದ ರೊಟ್ಟಿ, ಶವರ್ಮಾ ರಾತ್ರಿಯ ಊಟ. ಅವು ಅವರೊಂದಿಗೆ ಊರಿಗೂ ಬಂದವು. ಮೆಝೆಯ ಸರದಿ ಮಾತ್ರ ಬರಲಿಲ್ಲ, ಕೆಲಸ ಮುಗಿಸಿ ಬಂದವರಿಗೆ ಮೂರು ಗಂಟೆ ಕೂತು ತಿನ್ನುವ ಪುರುಸೊತ್ತು ಅಲ್ಲಿರಲಿಲ್ಲ. ಬರುವ ದಾರಿಯಲ್ಲಿ ಶವರ್ಮಾ ಜೊತೆಗಿನ ಬೆಳ್ಳುಳ್ಳಿ ಗೊಜ್ಜು ತೂಮ್ ಕೂಡ ಬದಲಾಯಿತು, ಅದು ಕೇವಲ ರುಚಿಯ ಪ್ರಶ್ನೆಯಲ್ಲ. ನಿಜವಾದ ತೂಮ್‌ನಲ್ಲಿ ಮೊಟ್ಟೆಯೇ ಇಲ್ಲ: 100 ಗ್ರಾಂ ಬೆಳ್ಳುಳ್ಳಿ, ಒಂದು ಚಮಚ ಉಪ್ಪು, 400 ಮಿಲಿ ಸೂರ್ಯಕಾಂತಿ ಎಣ್ಣೆ, 50 ಮಿಲಿ ನಿಂಬೆರಸ. ಎಸಳಿನೊಳಗಿನ ಹಸಿರು ಮೊಳಕೆ ತೆಗೆದು, ಉಪ್ಪಿನೊಂದಿಗೆ ನುಣ್ಣಗೆ ಅರೆದು, ಎಣ್ಣೆಯನ್ನು ನೂಲಿನಂತೆ ಇಳಿಸುತ್ತ, ನಡುನಡುವೆ ನಿಂಬೆರಸ ಬಿಡುತ್ತ ಹೋದರೆ ಬಿಳಿ ಬೆಣ್ಣೆಯಂತೆ ಏಳುತ್ತದೆ. ಅವಸರಪಟ್ಟರೆ ಎಣ್ಣೆ ಬೇರೆಯಾಗುತ್ತದೆ. ಆಗ ಇನ್ನೊಂದಿಷ್ಟು ಬೆಳ್ಳುಳ್ಳಿಯನ್ನು ತಣ್ಣೀರಿನೊಂದಿಗೆ ಅರೆದು, ಒಡೆದದ್ದನ್ನು ಅದಕ್ಕೆ ಹನಿಹನಿಯಾಗಿ ಸೇರಿಸಿದರೆ ಸರಿಹೋಗುತ್ತದೆ.

ಇದಕ್ಕೆ ತಗಲುವ ಬೆಳ್ಳುಳ್ಳಿ, ಸಮಯ ಎರಡನ್ನೂ ಉಳಿಸಲು ನಮ್ಮ ಶವರ್ಮಾ ಅಂಗಡಿಗಳು ಹಸಿ ಮೊಟ್ಟೆಯ ಮೆಯೊನೀಸ್‌ಗೆ ಹೊರಳಿದವು. ಸೆಕೆಯಲ್ಲಿ ಹೊರಗಿಟ್ಟ ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಬೆಳೆಯಲು ಕೆಲವೇ ಗಂಟೆ ಸಾಕು. ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಅದನ್ನು ನಿಷೇಧಿಸಿದ್ದು ಈ ಕಾರಣಕ್ಕೆ. ತೂಮ್ ಮಾಡಲು ಕಲಿತ ಅಂಗಡಿಗೆ ಆ ನಿಷೇಧದ ಚಿಂತೆಯೇ ಇರುವುದಿಲ್ಲ.

ಲೆಬನಾನಿನಲ್ಲೇ ಈ ಊಟ ಈಗ ದುಬಾರಿ. 2019ರಿಂದ ಕುಸಿದ ದೇಶದ ಹಣ ಲಿರಾ ತನ್ನ ಮೌಲ್ಯದ ಶೇಕಡ 90ಕ್ಕೂ ಹೆಚ್ಚು ಕಳೆದುಕೊಂಡಿತು. 2020ರ ಆಗಸ್ಟ್ 4ರ ಬಂದರು ಸ್ಫೋಟದಲ್ಲಿ ದೇಶದ ಮುಖ್ಯ ಧಾನ್ಯ ಕಣಜಗಳು ಹಾಳಾದವು, 2024ರ ಯುದ್ಧದಲ್ಲಿ ಬೆಕಾ ಕಣಿವೆಯ ಮೇಲೂ ಬಾಂಬು ಬಿತ್ತು. ಹತ್ತು ತಟ್ಟೆ ಹರಡುತ್ತಿದ್ದ ಎಷ್ಟೋ ಮನೆಗಳಲ್ಲಿ ಈಗ ಬೆಳಗಿನ ಮನ್‌ಊಶೆ ಉಳಿದಿದೆ: ಝಾತರ್ ಎಂಬ ಒಣ ಸೊಪ್ಪಿನ ಮಸಾಲೆ ಮತ್ತು ಎಣ್ಣೆ ಸವರಿ ಸುಟ್ಟ ರೊಟ್ಟಿ, ಜೊತೆಗೆ ಟೊಮೆಟೊ, ಪುದೀನ, ಆಲಿವ್. ಅದನ್ನು 2023ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.